ಚಿತ್ರ ಬರೆಯಲು ಹೋದವರು ಚಿತ್ರ ತೆಗೆದರು: ಶಾಂತಿನಿಕೇತನದಲ್ಲಿ ಸತ್ಯಜಿತ್ ರೇ

ದೃಶ್ಯಕಲೆಯ ಪದವಿಗೆ ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷ ಜಾತ್ರೆಯಿದ್ದಂತೆ. ಬೆಳಿಗ್ಗೆ ರೇಖಾಚಿತ್ರ, ಮಧ್ಯಾಹ್ನ ಜೇಡಿಮಣ್ಣು, ಮರುದಿನ ಅಚ್ಚಿನ ಕೆಲಸ, ನಡುವೆ ಅಕ್ಷರ ವಿನ್ಯಾಸ ಹಾಗೂ ಕಲೆಯ ಇತಿಹಾಸ. ಈ ಬುನಾದಿ ವರ್ಷ ಮುಗಿಯುತ್ತಿದ್ದಂತೆಯೇ ವರ್ಣಚಿತ್ರ, ಶಿಲ್ಪ, ಗ್ರಾಫಿಕ್, ಅನ್ವಯಿಕ ಕಲೆ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ತೊಡಕು ಆರಂಭವಾಗುವುದು ಅಲ್ಲಿಂದ. ಶಿಲ್ಪ ವಿಭಾಗ ಸೇರಿದವನಿಗೆ ಛಾಯಾಗ್ರಹಣದ ಗೀಳು ಹತ್ತುತ್ತದೆ; ವರ್ಣಚಿತ್ರ ಆರಿಸಿಕೊಂಡವಳು ಅನಿಮೇಷನ್ ಕಡೆಗೆ ವಾಲುತ್ತಾಳೆ. ‘ಒಂದನ್ನಾದರೂ ನೆಟ್ಟಗೆ ಕಲಿಯಬಾರದೇ’ ಎಂಬ ಮಾತು ಮನೆಯಲ್ಲಿ ಕೇಳಿಬರುತ್ತದೆ. ಶುಲ್ಕ ಕಟ್ಟುವ ತಂದೆತಾಯಿಯ ಆತಂಕವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹತ್ತು ಕಡೆ ಅಗೆದವನಿಗೆ ನೀರು ಸಿಗುವುದಿಲ್ಲ ಎಂಬ ಭಯ ಅವರದು.

ಈ ಪ್ರಶ್ನೆಯನ್ನು ಪರಿಶೀಲಿಸಲು ಭಾರತದ ಕಲಾಶಿಕ್ಷಣದ ಇತಿಹಾಸದಲ್ಲಿ ಒಬ್ಬ ವಿದ್ಯಾರ್ಥಿಯ ಉದಾಹರಣೆ ಬಹಳ ಉಪಯುಕ್ತವಾಗಿದೆ. ಆತ ಐದು ವರ್ಷದ ಕಲಾ ವ್ಯಾಸಂಗಕ್ಕೆ ಸೇರಿ ಎರಡೂವರೆ ವರ್ಷಕ್ಕೇ ಹೊರಬಿದ್ದ. ತಾನು ಚಿತ್ರಕಾರನಾಗಲಾರೆ ಎಂಬ ತೀರ್ಮಾನಕ್ಕೆ ಬಂದಿದ್ದ. ಕೈಯಲ್ಲಿ ಪ್ರಮಾಣಪತ್ರವೂ ಇರಲಿಲ್ಲ. ಆ ವಿದ್ಯಾರ್ಥಿಯ ಹೆಸರು ಸತ್ಯಜಿತ್ ರೇ.

‘ಪಥೇರ್ ಪಾಂಚಾಲಿ’ಯ ನಿರ್ದೇಶಕರೆಂದು ಅವರನ್ನು ಜಗತ್ತು ಬಲ್ಲದು. ಕಲಾಶಾಲೆಯನ್ನು ಅರ್ಧಕ್ಕೇ ಬಿಟ್ಟ ಯುವಕರಾಗಿ ಅವರನ್ನು ನೋಡಿದವರು ಕಡಿಮೆ. ಆ ಅರ್ಧದಲ್ಲಿ ಅವರಿಗೆ ದೊರೆತದ್ದೇನು, ಯಾರಿಂದ ದೊರೆಯಿತು, ಅದು ಮುಂದೆ ಎಲ್ಲಿ ಕೆಲಸಕ್ಕೆ ಬಂತು ಎಂಬುದನ್ನು ಗಮನಿಸಿದರೆ ಇಂದಿನ ವಿದ್ಯಾರ್ಥಿಯ ಗೊಂದಲವೂ ಸ್ವಲ್ಪ ಬೇರೆಯಾಗಿ ಕಾಣಿಸುತ್ತದೆ.

ಒಲ್ಲದ ಮನಸ್ಸಿನ ಪ್ರವೇಶ

ರೇ ಹುಟ್ಟಿದ್ದು 1921ರ ಮೇ 2ರಂದು, ಕಲ್ಕತ್ತೆಯಲ್ಲಿ. ಮನೆತನ ಸಾಮಾನ್ಯವಾದುದಲ್ಲ. ತಾತ ಉಪೇಂದ್ರಕಿಶೋರ್ ರಾಯ್‌ಚೌಧುರಿ ಮಕ್ಕಳ ಸಾಹಿತಿ, ಚಿತ್ರಕಾರ ಹಾಗೂ ಪಿಟೀಲು ವಾದಕ. ಹಾಫ್‌ಟೋನ್ ಮುದ್ರಣ ವಿಧಾನದಲ್ಲಿ ನಮ್ಮ ದೇಶದಲ್ಲಿ ಮೊದಲಿಗೆ ಪ್ರಯೋಗ ನಡೆಸಿದವರಲ್ಲಿ ಅವರೂ ಒಬ್ಬರು. 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು. ತಂದೆ ಸುಕುಮಾರ್ ರಾಯ್ ಬಂಗಾಳಿಯ ಅಸಂಗತ ಪದ್ಯಗಳ ದೊರೆ. ತಮ್ಮ ಪದ್ಯಗಳಿಗೆ ತಾವೇ ಚಿತ್ರ ಬರೆಯುತ್ತಿದ್ದರು, ಇಂಗ್ಲೆಂಡಿನಲ್ಲಿ ಮುದ್ರಣ ತಂತ್ರಜ್ಞಾನ ಕಲಿತು ಬಂದಿದ್ದರು. ಮಗನಿಗೆ ಮೂರು ವರ್ಷ ತುಂಬುವ ಮೊದಲೇ, 1923ರಲ್ಲಿ, ಕಾಲಾ ಅಜಾರ್ ಜ್ವರಕ್ಕೆ ಅವರು ಬಲಿಯಾದರು. ಕೆಲವೇ ವರ್ಷಗಳಲ್ಲಿ ಕುಟುಂಬದ ಮುದ್ರಣಾಲಯವೂ ಮುಳುಗಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು. ಹೊಲಿಗೆ, ಕಸೂತಿ ಕಲಿಸಿ ಸಂಪಾದಿಸಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಪದವಿ ಮುಗಿಸಿದಾಗ ರೇ ಅವರಿಗೆ ಮುಂದೆ ಓದುವ ಮನಸ್ಸಿರಲಿಲ್ಲ. ಜಾಹೀರಾತು ಕ್ಷೇತ್ರದಲ್ಲಿ ಕಲಾವಿದನಾಗಿ ದುಡಿಯಬೇಕೆಂಬ ಯೋಚನೆಯಿತ್ತು. ಕೆಲಸಕ್ಕೆ ಸೇರಲು ವಯಸ್ಸು ಸಾಲದು, ಶಾಂತಿನಿಕೇತನಕ್ಕೆ ಹೋಗಿ ಚಿತ್ರಕಲೆ ಕಲಿಯಲಿ ಎಂಬುದು ತಾಯಿಯ ಅಭಿಪ್ರಾಯ. ರವೀಂದ್ರನಾಥ ಟ್ಯಾಗೋರರಿಗೂ ಅದೇ ಇಚ್ಛೆಯಿತ್ತು. ಕಲ್ಕತ್ತೆಯ ಚಿತ್ರಮಂದಿರಗಳನ್ನೂ ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳನ್ನೂ ಬಿಟ್ಟು ಬೋಲ್ಪುರದ ಕೆಮ್ಮಣ್ಣಿನ ಬಯಲಿಗೆ ಹೋಗುವುದು ಹತ್ತೊಂಬತ್ತರ ಆ ತರುಣನಿಗೆ ಇಷ್ಟವಿರಲಿಲ್ಲ. ಆದರೂ 1940ರ ಮಧ್ಯಭಾಗದಲ್ಲಿ ವಿಶ್ವಭಾರತಿಯ ಕಲಾಭವನಕ್ಕೆ ಸೇರಿದರು.

ಗೋಡೆಗಳಿಲ್ಲದ ಪಾಠ

ಕಲಾಭವನ ಆರಂಭವಾದದ್ದು 1919ರಲ್ಲಿ. ಬ್ರಿಟಿಷರು ಕಲ್ಕತ್ತೆ, ಮದರಾಸು, ಮುಂಬಯಿಗಳಲ್ಲಿ ನಡೆಸುತ್ತಿದ್ದ ಕಲಾಶಾಲೆಗಳಿಗಿಂತ ಅದರ ಕ್ರಮ ಬೇರೆಯಾಗಿತ್ತು. ಅಲ್ಲಿನ ಮುಖ್ಯಸ್ಥರಾದ ನಂದಲಾಲ್ ಬೋಸ್, ಶಾಂತಿನಿಕೇತನದವರಿಗೆಲ್ಲ ‘ಮಾಸ್ಟರ್ ಮೊಶಾಯ್’, ಚಿತ್ರಕಲೆಗೂ ಕರಕುಶಲಕ್ಕೂ ನಡುವೆ ಬೇಲಿ ಹಾಕಲು ಒಪ್ಪುತ್ತಿರಲಿಲ್ಲ. ಅವರು ಕಾಗದದ ಮೇಲೆ ವರ್ಣಚಿತ್ರ ಬರೆದರು, ಗೋಡೆಗಳ ಮೇಲೆ ಭಿತ್ತಿಚಿತ್ರ ರಚಿಸಿದರು, ಟ್ಯಾಗೋರರ ನಾಟಕಗಳಿಗೆ ರಂಗಸಜ್ಜಿಕೆ ಮಾಡಿದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಹಳ್ಳಿಯ ಜನರೂ ನಿಂತು ನೋಡುವಂಥ ಭಿತ್ತಿಫಲಕಗಳನ್ನು ಬರೆದರು. ಮುಂದೆ ಭಾರತ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಅಲಂಕರಿಸಿದ್ದೂ ಅವರ ಹಾಗೂ ಅವರ ಶಿಷ್ಯರ ಕೈಗಳೇ. ಕಿಸೆಯಲ್ಲಿ ಪೋಸ್ಟ್‌ಕಾರ್ಡುಗಳನ್ನು ಇಟ್ಟುಕೊಂಡು, ಕಂಡದ್ದನ್ನು ಅದರ ಮೇಲೆ ಬರೆದು ಶಿಷ್ಯರಿಗೆ, ಗೆಳೆಯರಿಗೆ ಕಳುಹಿಸುವುದು ಅವರ ನಿತ್ಯದ ಅಭ್ಯಾಸವಾಗಿತ್ತು.

ನಂದಲಾಲರಿಗೂ ಕರ್ನಾಟಕಕ್ಕೂ ಒಂದು ಹಳೆಯ ನಂಟಿದೆ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಅವರೊಂದಿಗೆ ಕಲಿತವರು ಮೈಸೂರಿನ ಕೆ. ವೆಂಕಟಪ್ಪ. ಗುರುಗಳು ಭಾರತೀಯ ಶರೀರ ರಚನಾಶಾಸ್ತ್ರದ ಬಗ್ಗೆ ಬರೆದ ಕಿರುಹೊತ್ತಗೆಗೆ ಈ ಇಬ್ಬರು ಶಿಷ್ಯರೂ ಚಿತ್ರಗಳನ್ನು ಬರೆದುಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ವೆಂಕಟಪ್ಪನವರು ಜಲವರ್ಣ, ದಂತದ ಮೇಲಿನ ಕಿರುಭಾವಚಿತ್ರ, ಪ್ಲಾಸ್ಟರ್ ಉಬ್ಬುಶಿಲ್ಪಗಳಲ್ಲಿ ಕೈಯಾಡಿಸಿದ್ದಲ್ಲದೆ ವೀಣೆ ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತರು. ಒಂದೇ ಮಾಧ್ಯಮಕ್ಕೆ ಕಟ್ಟುಬೀಳದ ಗುಣ ಆ ತಲೆಮಾರಿನವರಲ್ಲೇ ಇತ್ತು.

ಕಲಾಭವನದಲ್ಲಿ ಕಲಿಸುವ ರೀತಿಯೂ ಗಮನಿಸತಕ್ಕದ್ದು. ಪ್ಲಾಸ್ಟರಿನ ಗ್ರೀಕ್ ಪ್ರತಿಮೆಯನ್ನು ಮುಂದಿಟ್ಟುಕೊಂಡು ನೆರಳು–ಬೆಳಕು ತುಂಬುವುದು ಅಂದಿನ ಕಲಾಶಾಲೆಗಳ ಪದ್ಧತಿ. ಇಲ್ಲಿ ವಿದ್ಯಾರ್ಥಿ ಬಯಲಿಗೆ ಹೋಗಬೇಕು. ಮರ, ಎಮ್ಮೆ, ಸಂತಾಲರ ಗುಡಿಸಲು, ಮಳೆಯ ಮೋಡ ನೋಡಬೇಕು. ನೋಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದು ಬರೆಯಬೇಕು. ಮರವನ್ನು ಅದು ಬೆಳೆಯುವ ಹಾಗೆಯೇ ಬುಡದಿಂದ ಮೇಲಕ್ಕೆ ಬರೆಯಬೇಕು ಎಂದು ನಂದಲಾಲರು ಹೇಳಿಕೊಡುತ್ತಿದ್ದರು. ಕೇಳಲು ಸಣ್ಣ ಮಾತು. ಆದರೆ ಮೇಲಿನಿಂದ ಕೆಳಕ್ಕೆ ಬರೆದ ಮರ ಬರಿಯ ಆಕಾರವಾಗುತ್ತದೆ, ಬುಡದಿಂದ ಎದ್ದ ಮರಕ್ಕೆ ಭಾರವಿರುತ್ತದೆ, ಗಾಳಿಗೆ ಬಾಗುವ ಶಕ್ತಿಯಿರುತ್ತದೆ. ಚೀನಾ, ಜಪಾನ್‌ಗಳ ಕುಂಚ ಮತ್ತು ಕಪ್ಪು ಶಾಯಿಯ ಚಿತ್ರಗಳಿಗೂ ಅಲ್ಲಿ ದೊಡ್ಡ ಸ್ಥಾನವಿತ್ತು. ಒಮ್ಮೆ ಎಳೆದ ಗೆರೆಯನ್ನು ಆ ಪದ್ಧತಿಯಲ್ಲಿ ಅಳಿಸುವಂತಿಲ್ಲ. ಆದ್ದರಿಂದ ಎಳೆಯುವ ಮೊದಲು ನೋಡುವುದೇ ಅರ್ಧ ಕೆಲಸ.

ಅಲ್ಲಿಯವರೆಗೆ ಪಾಶ್ಚಾತ್ಯ ಚಿತ್ರಕಾರರ ಕೃತಿಗಳನ್ನೇ ಕಲೆಯೆಂದು ತಿಳಿದಿದ್ದ ನಗರದ ಹುಡುಗನಿಗೆ ಇದೆಲ್ಲ ಹೊಸದು. ಹಳ್ಳಿಯೂ ಹೊಸದೇ. ಬಂಗಾಳದ ಗ್ರಾಮಜೀವನವನ್ನು ರೇ ಹತ್ತಿರದಿಂದ ಕಂಡದ್ದು ರೇಖಾಚಿತ್ರದ ಪುಸ್ತಕ ಹಿಡಿದು ಶಾಂತಿನಿಕೇತನದ ಸುತ್ತಲಿನ ಊರುಗಳಲ್ಲಿ ಅಲೆದಾಗ. ಹನ್ನೆರಡು ವರ್ಷಗಳ ಬಳಿಕ ಅವರು ಚಿತ್ರೀಕರಣ ಆರಂಭಿಸಿದ ಕಥೆ ಒಂದು ಹಳ್ಳಿಯದು ಎಂಬುದನ್ನು ನೆನೆದರೆ ಆ ಅಲೆದಾಟದ ಬೆಲೆ ತಿಳಿಯುತ್ತದೆ.

ಛಾವಣಿಯ ಮೇಲಿನ ಊರು

ಸ್ಫೂರ್ತಿ ನೀಡುವ ಕಲಾವಿದ ಎಂದೊಡನೆ ವೇದಿಕೆ, ಹಾರ, ಭಾಷಣ ಕಣ್ಣಮುಂದೆ ಬರುವುದುಂಟು. ರೇ ಅವರಿಗೆ ಅಂಥವರು ಸಿಕ್ಕಿದ್ದು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ತಲೆಯೆತ್ತಿ ನೋಡಿದಾಗ. ಛಾವಣಿಯ ತುಂಬ ಬೀರಭೂಮಿಯ ಒಂದು ಹಳ್ಳಿ ಹರಡಿಕೊಂಡಿತ್ತು. ಕೊಳ, ಮರಗಳು, ದನಕರುಗಳು, ತಮ್ಮ ಪಾಡಿಗೆ ಕೆಲಸದಲ್ಲಿರುವ ಜನ. ಪುರಾಣದ ಪಾತ್ರವಿಲ್ಲ, ರಾಜರಾಣಿಯರಿಲ್ಲ, ಕಣ್ಣೀರೂ ಇಲ್ಲ. ಅದನ್ನು 1940ರಲ್ಲಿ ರಚಿಸಿದವರು ಅಲ್ಲಿಯೇ ಅಧ್ಯಾಪಕರಾಗಿದ್ದ ವಿನೋದ್ ಬಿಹಾರಿ ಮುಖರ್ಜಿ.

1904ರಲ್ಲಿ ಜನಿಸಿದ ವಿನೋದ್ ಬಿಹಾರಿ ಕಲಾಭವನದ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು. ಹುಟ್ಟಿನಿಂದಲೇ ಅವರ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ತೀರ ಮಂದ. ದಪ್ಪ ಕನ್ನಡಕದ ಆ ಮೇಷ್ಟ್ರು ಮಾತಿನಲ್ಲಿ ಮೃದು, ಪ್ರಚಾರದಿಂದ ದೂರ. ಅವರ ಅತಿ ದೊಡ್ಡ ಕೃತಿಯಾದ ಹಿಂದಿ ಭವನದ ಭಿತ್ತಿಚಿತ್ರ ಮೂಡಿದ್ದು 1946–47ರಲ್ಲಿ, ರೇ ಶಾಂತಿನಿಕೇತನ ಬಿಟ್ಟ ಮೇಲೆ. ಕಬೀರ, ಸೂರದಾಸ, ತುಳಸೀದಾಸ ಮೊದಲಾದ ಮಧ್ಯಯುಗದ ಸಂತರ ಬದುಕನ್ನು ಕೋಣೆಯ ಗೋಡೆಗಳ ಮೇಲುಭಾಗದಲ್ಲಿ ನದಿಯಂತೆ ಹರಿಸಿದ ಆ ಚಿತ್ರಕ್ಕೆ ಪೂರ್ಣ ಅಳತೆಯ ಪೂರ್ವಸಿದ್ಧ ನಕ್ಷೆಯನ್ನು ಅವರು ಮಾಡಿಕೊಂಡಿರಲಿಲ್ಲ. ಅಷ್ಟು ದೊಡ್ಡ ಗೋಡೆ, ಅಷ್ಟು ಮಂದ ದೃಷ್ಟಿ! ಇಂದಿಗೂ ಕಲಾ ವಿಮರ್ಶಕರು ಇಪ್ಪತ್ತನೆಯ ಶತಮಾನದ ಭಾರತೀಯ ಭಿತ್ತಿಚಿತ್ರಗಳ ಮಾತು ಬಂದಾಗ ಮೊದಲು ಹೆಸರಿಸುವುದು ಅದನ್ನೇ.

ಮೂರನೆಯವರು ರಾಮಕಿಂಕರ್ ಬೈಜ್. ಬಡ ಕುಟುಂಬದಿಂದ ಬಂದ ಅವರಿಗೆ ಕಂಚು ಅಥವಾ ಅಮೃತಶಿಲೆ ಕೈಗೆಟಕುವ ವಸ್ತುವಾಗಿರಲಿಲ್ಲ. ಸಿಮೆಂಟಿಗೆ ಸ್ಥಳೀಯ ಜಂಬಿಟ್ಟಿಗೆಯ ಹರಳು ಬೆರೆಸಿ 1938ರಲ್ಲಿ ‘ಸಂತಾಲ ಕುಟುಂಬ’ವನ್ನು ಬಯಲಿನಲ್ಲೇ ನಿಲ್ಲಿಸಿದರು. ಗಂಡ, ಹೆಂಡತಿ, ಮಗು, ನಾಯಿ. ಗಂಡನ ಹೆಗಲಿನ ಕಾವಡಿಯಲ್ಲಿ ಮನೆಯ ಸರಂಜಾಮು. ದುಡಿಯುವ ಜನ ಆಳೆತ್ತರ ಮೀರಿ ನಿಂತ ಆ ಶಿಲ್ಪದ ಪಕ್ಕದಲ್ಲೇ ವಿದ್ಯಾರ್ಥಿಗಳು ದಿನವೂ ಓಡಾಡುತ್ತಿದ್ದರು.

ಈ ಮೂವರ ಶೈಲಿಗಳಲ್ಲಿ ಹೋಲಿಕೆ ಕಡಿಮೆ. ಹೋಲುತ್ತಿದ್ದುದು ಕೆಲಸದ ಕ್ರಮ: ಎದುರಿಗೆ ಇರುವುದನ್ನು ನೋಡುವುದು, ದೊರೆತ ವಸ್ತುವಿನಲ್ಲಿ ಮಾಡುವುದು, ಇದು ತನ್ನ ವಿಭಾಗವಲ್ಲ ಎನ್ನದಿರುವುದು. ರೇ ಅವರ ಮುಂದಿನ ಕೃತಿಗಳಲ್ಲಿ ನಂದಲಾಲರ ಗೆರೆಯ ಅನುಕರಣೆಯನ್ನು ಹುಡುಕಿದರೆ ಅಲ್ಪಸ್ವಲ್ಪವಷ್ಟೇ ಸಿಕ್ಕೀತು. ಈ ಕ್ರಮವನ್ನು ಹುಡುಕಿದರೆ ಎಲ್ಲೆಡೆ ಸಿಗುತ್ತದೆ.

ಧಾರವಾಡದ ಸಹಪಾಠಿ

ಕಲಾಭವನದಲ್ಲಿ ರೇ ಅವರ ಆಪ್ತ ಗೆಳೆಯರಲ್ಲಿ ಒಬ್ಬರು ದಿನಕರ ಕೌಶಿಕ್. 1918ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕೌಶಿಕ್ ಮುಂದೆ ಚಿತ್ರಕಾರರಾಗಿ, ಕಲಾಶಿಕ್ಷಕರಾಗಿ ಹೆಸರಾದರು. ನಂದಲಾಲರ ಬಗ್ಗೆ ಪುಸ್ತಕವನ್ನೂ ಬರೆದರು. ಈ ಗೆಳೆಯರು ಒಟ್ಟಾಗಿ ಅಜಂತಾ, ಎಲ್ಲೋರಾ, ಎಲಿಫೆಂಟಾಗಳಿಗೆ ಹೋಗಿಬಂದರು. ಪುಸ್ತಕದಲ್ಲಿ ಅಂಗೈಯಗಲ ಕಂಡಿದ್ದ ಚಿತ್ರಗಳು ಗುಹೆಯ ಗೋಡೆಯಲ್ಲಿ ನಿಜವಾದ ಗಾತ್ರದಲ್ಲಿ ಎದುರಾದವು. ಭಾರತದ ಕಲೆಯ ಹಿರಿಮೆ ತಮಗೆ ಮನವರಿಕೆಯಾದದ್ದು ಆ ದಿನಗಳಲ್ಲಿ ಎಂದು ರೇ ಮುಂದೆ ನೆನೆದಿದ್ದಾರೆ.

ವಿಚಿತ್ರವೆಂದರೆ, ಚಿತ್ರಮಂದಿರಗಳಿಂದ ದೂರವಿದ್ದ ಶಾಂತಿನಿಕೇತನದಲ್ಲೇ ಅವರಿಗೆ ಸಿನಿಮಾ ಶಾಸ್ತ್ರದ ಪರಿಚಯವಾಯಿತು. ಅಲ್ಲಿನ ಗ್ರಂಥಾಲಯದಲ್ಲಿ ಪಾಲ್ ರೋಥಾ ಹಾಗೂ ರೇಮಂಡ್ ಸ್ಪಾಟಿಸ್‌ವುಡ್ ಬರೆದ ಚಲನಚಿತ್ರ ಕಲೆಯ ಪುಸ್ತಕಗಳಿದ್ದವು. ಅದುವರೆಗೆ ತಾರೆಯರಿಗಾಗಿ ಸಿನಿಮಾ ನೋಡುತ್ತಿದ್ದ ತರುಣ, ಒಂದು ದೃಶ್ಯ ಹೇಗೆ ಕಟ್ಟಲ್ಪಡುತ್ತದೆ ಎಂದು ಓದಿದ್ದು ಚಿತ್ರಕಲೆಯ ಶಾಲೆಯಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಜರ್ಮನಿಯ ಯಹೂದಿ ವಿದ್ವಾಂಸ ಅಲೆಕ್ಸ್ ಅರಾನ್‌ಸನ್ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳಿದ್ದವು. ಅಲ್ಲಿ ಸಂಗೀತದ ಅಭ್ಯಾಸವೂ ಮುಂದುವರಿಯಿತು. ಕಳೆದುಕೊಂಡದ್ದೂ ಇದೆ. ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಕಲ್ಕತ್ತೆಗೆ ಬಂದು ಕೆಲವೇ ದಿನ ನಡೆದು ಹೋದಾಗ ರೇ ಶಾಂತಿನಿಕೇತನದಲ್ಲಿದ್ದರು. ಆ ಕೊರಗು ಬಹುಕಾಲ ಉಳಿಯಿತು.

1941ರ ಆಗಸ್ಟ್ 7ರಂದು ಟ್ಯಾಗೋರರು ನಿಧನರಾದರು. ಮರುವರ್ಷದ ಡಿಸೆಂಬರಿನಲ್ಲಿ ಜಪಾನಿನ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬು ಹಾಕಿದವು. ಅದೇ ತಿಂಗಳು ರೇ ವ್ಯಾಸಂಗ ಬಿಟ್ಟು ಮನೆಗೆ ಮರಳಿದರು. ಉತ್ತಮ ಚಿತ್ರಕಾರನಾಗುವ ಸತ್ವ ತಮ್ಮಲ್ಲಿಲ್ಲವೆಂದು ಅವರಿಗೆ ಅನ್ನಿಸಿತ್ತು. ವಿಧವೆ ತಾಯಿಯ ದುಡಿಮೆಯ ಮೇಲೆ ಇನ್ನೂ ಎರಡೂವರೆ ವರ್ಷ ಕಳೆಯುವುದೂ ಸುಲಭದ ಮಾತಾಗಿರಲಿಲ್ಲ. ಆ ದಿನ ಅವರನ್ನು ಕಂಡವರು ಇದೊಂದು ವಿಫಲ ವಿದ್ಯಾಭ್ಯಾಸವೆಂದೇ ಭಾವಿಸಿದ್ದರೆ ತಪ್ಪೇನೂ ಇರಲಿಲ್ಲ.

ಎಂಬತ್ತು ರೂಪಾಯಿಯ ನೌಕರಿ

1943ರ ಏಪ್ರಿಲ್‌ನಲ್ಲಿ ರೇ ಅವರಿಗೆ ಕಲ್ಕತ್ತೆಯ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಯಲ್ಲಿ ಕಿರಿಯ ಕಲಾವಿದನ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 80 ರೂಪಾಯಿ. ಮಲೇರಿಯಾ ಔಷಧದಂತಹ ಸರಕುಗಳ ಜಾಹೀರಾತಿಗೆ ಚಿತ್ರ ಬರೆಯುವ, ಅಕ್ಷರ ಜೋಡಿಸುವ ಕೆಲಸ. ಕಲಾಭವನದಲ್ಲಿ ಕಲಿತ ಕುಂಚದ ಗೆರೆ ಇಲ್ಲಿ ಬಂಗಾಳಿ ಲಿಪಿಗೆ ಇಳಿಯಿತು. ಅದೇ ಸಂಸ್ಥೆಯ ಡಿ.ಕೆ. ಗುಪ್ತ ಅವರು ‘ಸಿಗ್ನೆಟ್ ಪ್ರೆಸ್’ ಎಂಬ ಪ್ರಕಾಶನ ತೆರೆದಾಗ ಮುಖಪುಟಗಳ ಹೊಣೆ ರೇ ಅವರದಾಯಿತು. ಜೀವನಾನಂದ ದಾಸರ ಕವಿತೆಗಳು, ಜಿಮ್ ಕಾರ್ಬೆಟ್‌ನ ಕುಮಾವೂಂ ನರಭಕ್ಷಕ ಹುಲಿಗಳ ಕಥೆ, ಜವಾಹರಲಾಲ್ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಈ ಮುಖಪುಟಗಳಲ್ಲಿ ಸೇರಿವೆ. ಬಂಗಾಳಿ ಪುಸ್ತಕಗಳ ರೂಪವೇ ಆ ವರ್ಷಗಳಲ್ಲಿ ಬದಲಾಯಿತು.

ಹೀಗೆ ಅವರ ಮೇಜಿಗೆ ಬಂದ ಪುಸ್ತಕಗಳಲ್ಲಿ ಒಂದು ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯ ಮಕ್ಕಳ ಸಂಕ್ಷಿಪ್ತ ಆವೃತ್ತಿ, ‘ಆಮ್ ಆಂಟಿರ್ ಭೇಂಪು’. ಅದಕ್ಕೆ ಕಪ್ಪು–ಬಿಳುಪಿನಲ್ಲಿ ಚಿತ್ರ ಬರೆಯುವಾಗಲೇ ಅಪು ಮತ್ತು ದುರ್ಗಾ ಅವರ ಮನಸ್ಸಿನಲ್ಲಿ ನೆಲೆನಿಂತರು. ಇದರಿಂದ ಒಳ್ಳೆಯ ಸಿನಿಮಾ ಆದೀತೆಂದು ಸೂಚಿಸಿದವರೂ ಗುಪ್ತ ಅವರೇ. ಪುಸ್ತಕಕ್ಕೆ ಬರೆದ ಕೆಲವು ಚಿತ್ರಗಳ ಕಲ್ಪನೆ ಮುಂದೆ ಪರದೆಯ ಮೇಲೆ ದೃಶ್ಯಗಳಾಗಿ ಬಂದವು.

ಅಲ್ಲಿಂದ ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ. 1949–50ರಲ್ಲಿ ‘ದಿ ರಿವರ್’ ಚಿತ್ರಕ್ಕಾಗಿ ಬಂಗಾಳಕ್ಕೆ ಬಂದ ಫ್ರೆಂಚ್ ನಿರ್ದೇಶಕ ಝಾನ್ ರೆನ್ವಾರ್ ಒಡನಾಟ. 1950ರಲ್ಲಿ ಕಚೇರಿ ಕೆಲಸದ ಮೇಲೆ ಲಂಡನ್ ವಾಸ, ಅಲ್ಲಿ ನೋಡಿದ ಇಟಲಿಯ ‘ಬೈಸಿಕಲ್ ಥೀವ್ಸ್’. ವೃತ್ತಿಪರ ನಟರಿಲ್ಲದೆ, ನಿಜವಾದ ಬೀದಿಗಳಲ್ಲಿ ಚಿತ್ರ ತೆಗೆಯಬಹುದೆಂಬ ಧೈರ್ಯ ಅದರಿಂದ ಬಂತು.

ಗಮನಿಸಬೇಕಾದದ್ದು ಬೇರೊಂದಿದೆ. ‘ಪಥೇರ್ ಪಾಂಚಾಲಿ’ಗೆ ರೂಢಿಯ ಅರ್ಥದ ಚಿತ್ರಕಥೆ ಇರಲಿಲ್ಲ. ಇದ್ದದ್ದು ಟಿಪ್ಪಣಿಗಳು ಹಾಗೂ ಒಂದು ಚಿತ್ರಪುಸ್ತಕ. ಪ್ರತಿ ದೃಶ್ಯದ ಚೌಕಟ್ಟನ್ನೂ ಕಪ್ಪು ಶಾಯಿಯಲ್ಲಿ ಬರೆದು, ಅದನ್ನೇ ಹಿಡಿದು ನಿರ್ಮಾಪಕರ ಮನೆಬಾಗಿಲು ಅಲೆದರು. ಆ ಪುಸ್ತಕವನ್ನು ರೇ ಆಮೇಲೆ ಪ್ಯಾರಿಸ್ಸಿನ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟರು. ನಿರ್ಮಾಪಕರು ಒಲಿಯದಿದ್ದಾಗ ಜೀವವಿಮೆಯ ಹಣ, ಹೆಂಡತಿಯ ಒಡವೆಗಳು ಚಿತ್ರಕ್ಕೆ ಹೋದವು. 1952ರ ಅಕ್ಟೋಬರ್ 27ರಂದು ಅಕ್ಕ–ತಮ್ಮ ರೈಲು ನೋಡುವ ದೃಶ್ಯಕ್ಕೆ ಬಿಳಿ ತೆನೆಯ ಕಾಶ್ ಹುಲ್ಲಿನ ಬಯಲಿನಲ್ಲಿ ಚಿತ್ರೀಕರಣ ಶುರುವಾಯಿತು. ಮುಂದಿನ ವಾರ ಹೋದರೆ ಹೂವನ್ನೆಲ್ಲ ದನಗಳು ಮೇಯ್ದುಬಿಟ್ಟಿದ್ದವು! ಮತ್ತೆ ಹೂ ಬಿಡುವವರೆಗೆ, ಅಂದರೆ ಮರುವರ್ಷದವರೆಗೆ, ಆ ದೃಶ್ಯಕ್ಕಾಗಿ ಕಾಯಬೇಕಾಯಿತು. ಬೇರೆ ಹುಲ್ಲನ್ನು ನೆಟ್ಟು ಕೆಲಸ ಮುಗಿಸುವ ಉಪಾಯ ಯಾರಿಗೂ ಹೊಳೆಯಲಿಲ್ಲವೆಂದಲ್ಲ. ಬಯಲನ್ನು ನೋಡಿ ಕಲಿತ ಕಣ್ಣು ಅದನ್ನು ಒಪ್ಪುತ್ತಿರಲಿಲ್ಲ.

ಚಿತ್ರದ ಮಳೆಗಾಲ ಆರಂಭವಾಗುವ ಭಾಗವನ್ನು ನೋಡಿದವರು ಮರೆಯಲಾರರು. ಕೊಳದ ನೀರಿನ ಮೇಲೆ ಓಡಾಡುವ ಸಣ್ಣ ಹುಳುಗಳು, ತಾವರೆ ಎಲೆ, ಗಾಳಿ, ಆಮೇಲೆ ಮೊದಲ ಹನಿ. ಕಥೆಯ ದೃಷ್ಟಿಯಿಂದ ಅಲ್ಲಿ ಏನೂ ನಡೆಯುವುದಿಲ್ಲ. ಕೊಳದ ಸುತ್ತ ಹರಡಿದ ಛಾವಣಿಯ ಆ ಹಳ್ಳಿಯನ್ನು ಮಲಗಿಕೊಂಡೇ ದಿಟ್ಟಿಸಿದ ವಿದ್ಯಾರ್ಥಿಗಲ್ಲದೆ ಇಷ್ಟು ನಿಧಾನ ಬರಲಾರದು ಎನ್ನಬಹುದು. ಶಾಂತಿನಿಕೇತನದ ವರ್ಷಗಳಿಲ್ಲದೆ ತಮ್ಮ ಮೊದಲ ಚಿತ್ರ ಸಾಧ್ಯವಾಗುತ್ತಿರಲಿಲ್ಲ, ಪ್ರಕೃತಿಯನ್ನು ನೋಡುವ ಬಗೆಯನ್ನು ಕಲಿತದ್ದು ನಂದಲಾಲರ ಬಳಿ ಎಂದು ರೇ ಸ್ವತಃ ಹೇಳಿದ್ದಾರೆ. 1955ರ ಆಗಸ್ಟ್ 26ರಂದು ಚಿತ್ರ ಕಲ್ಕತ್ತೆಯಲ್ಲಿ ತೆರೆಕಂಡಿತು. 1956ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಮಾನವೀಯ ದಾಖಲೆ ಎಂಬ ವಿಶೇಷ ಪ್ರಶಸ್ತಿ ಪಡೆಯಿತು. ಆ ವರ್ಷದವರೆಗೂ ರೇ ಜಾಹೀರಾತು ಸಂಸ್ಥೆಯ ನೌಕರಿಯನ್ನು ಬಿಟ್ಟಿರಲಿಲ್ಲ ಎಂಬುದನ್ನು ಇಂದಿನ ತಂದೆತಾಯಿ ಗಮನಿಸಬಹುದು. ಕೆಲಸ ಬಿಟ್ಟು ಕನಸಿನ ಬೆನ್ನು ಹತ್ತಿದ ಕಥೆ ಇದಲ್ಲ.

ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ

ಬಂಗಾಳದ ಅಂಗಡಿಗಳಲ್ಲಿ ಲೆಕ್ಕ ಬರೆಯಲು ಬಳಸುವ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕಕ್ಕೆ ‘ಖೇರೊರ್ ಖಾತಾ’ ಎಂದು ಹೆಸರು. ರೇ ತಮ್ಮ ಚಿತ್ರಗಳ ಕೆಲಸವನ್ನೆಲ್ಲ ಅಂಥ ಪುಸ್ತಕಗಳಲ್ಲೇ ಮಾಡುತ್ತಿದ್ದರು. ಒಂದೇ ಪುಟದಲ್ಲಿ ಸಂಭಾಷಣೆ, ಪಕ್ಕದಲ್ಲಿ ಉಡುಪಿನ ಚಿತ್ರ, ಕೆಳಗೆ ಮನೆಯ ನಕ್ಷೆ, ಮೂಲೆಯಲ್ಲಿ ಸಂಗೀತದ ಸಂಕೇತಗಳು. ವಿಭಾಗಗಳೆಲ್ಲ ಮತ್ತೆ ಒಂದೇ ಹಾಳೆಗೆ ಬಂದು ಕೂಡಿದ್ದವು. 1961ರ ‘ತೀನ್ ಕನ್ಯಾ’ದಿಂದ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ನೀಡಲಾರಂಭಿಸಿದರು. ಅದೇ ವರ್ಷ ತಾತನ ‘ಸಂದೇಶ್’ ಪತ್ರಿಕೆಗೆ ಮರುಜೀವ ಕೊಟ್ಟರು. ಅದರ ಪುಟ ತುಂಬಿಸಲು ಬರೆಯತೊಡಗಿ ಫೆಲೂದಾ, ಪ್ರೊಫೆಸರ್ ಶೊಂಕು ಎಂಬ ಜನಪ್ರಿಯ ಪಾತ್ರಗಳನ್ನು ಸೃಷ್ಟಿಸಿದರು. ಭಿತ್ತಿಪತ್ರಗಳ ಅಕ್ಷರಗಳನ್ನು ಕೈಯಿಂದ ಬರೆದರು. ‘ರೇ ರೋಮನ್’ ಎಂಬ ಇಂಗ್ಲಿಷ್ ಅಚ್ಚಕ್ಷರ ಮಾದರಿಯನ್ನೂ ವಿನ್ಯಾಸಗೊಳಿಸಿದರು.

ದಕ್ಷಿಣದವರಿಗೆ ಹತ್ತಿರವಾದ ಒಂದು ಉದಾಹರಣೆ 1969ರ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’. ಕಥೆ ತಾತನದು, ಹಾಡು, ಸಂಗೀತ, ವಸ್ತ್ರವಿನ್ಯಾಸ ಮೊಮ್ಮಗನದು. ಅದರಲ್ಲಿ ಬರುವ ಭೂತಗಳ ಕುಣಿತಕ್ಕೆ ರೇ ಬಳಸಿದ್ದು ಕರ್ನಾಟಕ ಸಂಗೀತದ ತಾಳವಾದ್ಯ ಕಚೇರಿಯನ್ನು. ನಾಲ್ಕು ಬಗೆಯ ಭೂತಗಳಿಗೆ ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಎಂಬ ನಾಲ್ಕು ವಾದ್ಯಗಳು. ರಾಗವಿಲ್ಲ, ಮಾತಿಲ್ಲ. ನಮ್ಮ ರಾಮೋತ್ಸವದ ಚಪ್ಪರಗಳಲ್ಲಿ ತನಿ ಆವರ್ತನ ಕೇಳಿ ಬೆಳೆದವರಿಗೆ ಆ ದೃಶ್ಯ ಬಂಗಾಳಿ ಬಾರದೆಯೂ ಅರ್ಥವಾಗುತ್ತದೆ.

ಎಲ್ಲರೂ ರೇ ಆಗುವುದಿಲ್ಲ ಎಂಬ ಆಕ್ಷೇಪ ಸಹಜ. ತಾತ, ತಂದೆಯರಿಂದ ಬಂದ ಬಳುವಳಿಯೂ ಅವರಿಗಿತ್ತು. ವ್ಯಾಸಂಗ ಬಿಟ್ಟು ಹೆಸರಿಲ್ಲದೆ ಹೋದವರ ಸಂಖ್ಯೆಯೇ ದೊಡ್ಡದು. ಆದರೆ ರೇ ಕಲಿತ ಶಾಲೆಯ ಇತರ ವಿದ್ಯಾರ್ಥಿಗಳನ್ನು ನೋಡಿದರೂ ಇದೇ ಗುಣ ಕಾಣುತ್ತದೆ. ಅವರಿಗಿಂತ ನಾಲ್ಕು ವರ್ಷ ತಡವಾಗಿ, 1944ರಲ್ಲಿ, ಕಲಾಭವನಕ್ಕೆ ಬಂದ ಕೆ.ಜಿ. ಸುಬ್ರಮಣ್ಯನ್ ಭಿತ್ತಿಚಿತ್ರ, ಸುಟ್ಟಮಣ್ಣು, ಆಟಿಕೆ, ಗಾಜಿನ ಮೇಲಿನ ಚಿತ್ರ, ಮಕ್ಕಳ ಪುಸ್ತಕ ಎಲ್ಲದರಲ್ಲೂ ದುಡಿದರು. ಬರೋಡಾದಲ್ಲಿ ಅವರು ಕಲಿಸುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋದವರಲ್ಲಿ ಒಬ್ಬರು ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ. ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಹೊರಟು ಬರೋಡಾ, ಶಾಂತಿನಿಕೇತನ, ಲಂಡನ್‌ಗಳಲ್ಲಿ ಕಲಿತ ಅವರು ವರ್ಣಚಿತ್ರಕಾರರಾಗಿ ಆರಂಭಿಸಿ 1990ರ ದಶಕದಲ್ಲಿ ಸೆಗಣಿ, ದಾರ, ಕುಂಕುಮಗಳ ಕಡೆ ತಿರುಗಿದರು. ವಾಹನಗಳಿಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲಿನ ಹಗ್ಗವನ್ನು ಬೆಂಗಳೂರಿನ ಬೀದಿಯಲ್ಲಿ ನಾವೆಲ್ಲ ಕಂಡಿದ್ದೇವೆ. ಅಂಥ ಹಗ್ಗ ಹಾಗೂ ಕಾರಿನ ಬಂಪರ್‌ಗಳಿಂದ ಅವರು ರಚಿಸಿದ ಕೃತಿ 2009ರಲ್ಲಿ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿತ್ತು.

ಕಣ್ಣು ಹೋದ ಮೇಲೆ

ವಿನೋದ್ ಬಿಹಾರಿ ಅವರ ಉಳಿದಿದ್ದ ದೃಷ್ಟಿಯೂ 1950ರ ದಶಕದ ಕೊನೆಯ ಭಾಗದಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ, ಪೂರ್ತಿಯಾಗಿ ಹೋಯಿತು. ಆಗ ಅವರಿಗೆ ಐವತ್ತು ದಾಟಿತ್ತು. ಚಿತ್ರಕಾರನ ಪಾಲಿಗೆ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಅವರು ಮಾಧ್ಯಮ ಬದಲಿಸಿದರು. ಬೆರಳುಗಳಿಂದ ಮೇಣದಲ್ಲಿ ಆಕೃತಿ ತಿದ್ದಿದರು, ಬಣ್ಣದ ಕಾಗದವನ್ನು ಮಡಚಿ, ಕತ್ತರಿಸಿ, ಅಂಟಿಸಿ ಚಿತ್ರ ಮಾಡಿದರು, ತಡವುತ್ತ ರೇಖಾಚಿತ್ರ ಬರೆದರು, ಬರಹಗಾರರೂ ಆದರು. 1972ರಲ್ಲಿ ಕಲಾಭವನದ ಒಂದು ಗೋಡೆಗೆ ಬಿಲ್ಲೆಗಳ ಭಿತ್ತಿಚಿತ್ರ ರಚಿಸಿದರು. ಮಡಚಿದ ಕಾಗದದ ಆಕೃತಿಗಳೇ ಅಲ್ಲಿ ಮಣ್ಣಿನ ಆಕೃತಿಗಳಾಗಿ ಗೋಡೆ ಹತ್ತಿದವು.

ಅದೇ ವರ್ಷ ರೇ ತಮ್ಮ ಮೇಷ್ಟ್ರ ಬಗ್ಗೆ ‘ದಿ ಇನ್ನರ್ ಐ’ ಎಂಬ ಸುಮಾರು ಇಪ್ಪತ್ತು ನಿಮಿಷಗಳ ಸಾಕ್ಷ್ಯಚಿತ್ರ ಮಾಡಿದರು. ವಿವರಣೆಯ ಧ್ವನಿಯೂ ಅವರದೇ. ಕಪ್ಪು ಕನ್ನಡಕ ಧರಿಸಿದ ವೃದ್ಧರು ನಡುಗದ ಕೈಯಿಂದ ಕೆಲಸ ಮಾಡುವುದನ್ನು ಕ್ಯಾಮೆರಾ ಆತುರವಿಲ್ಲದೆ ನೋಡುತ್ತದೆ. ಅನುಕಂಪದ ಮಾತು ಒಂದೂ ಇಲ್ಲ.

ಆಗ ಕಲಾಭವನದ ಪ್ರಾಂಶುಪಾಲರಾಗಿದ್ದವರು ದಿನಕರ ಕೌಶಿಕ್. 1967ರಲ್ಲಿ ಆ ಹುದ್ದೆಗೆ ಬಂದಿದ್ದ ಅವರ ಅವಧಿಯಲ್ಲೇ, 1973ರಲ್ಲಿ, ‘ನಂದನ್ ಮೇಳ’ ಆರಂಭವಾಯಿತು. ನಂದಲಾಲರ ಜನ್ಮದಿನಕ್ಕೆ ಮುಂಚಿನ ಎರಡು ದಿನ, ಡಿಸೆಂಬರ್ 1 ಮತ್ತು 2ರಂದು, ಎಲ್ಲ ವಿಭಾಗಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವು ಮಾಡಿದ ಮಡಕೆ, ದಿನಚರಿ ಪುಸ್ತಕ, ಅಚ್ಚುಚಿತ್ರ, ಒಡವೆಗಳನ್ನು ಮಾರುತ್ತಾರೆ. ಹಣ ವಿದ್ಯಾರ್ಥಿ ಸಹಾಯ ನಿಧಿಗೆ ಹೋಗುತ್ತದೆ. ಶಾಂತಿನಿಕೇತನ 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ರಾಮಕಿಂಕರರ ಸಂತಾಲ ಕುಟುಂಬ, ವಿನೋದ್ ಬಿಹಾರಿ ಅವರ ಛಾವಣಿಯ ಹಳ್ಳಿ, ಹಿಂದಿ ಭವನದ ಸಂತರು ಹಾಗೂ ದೃಷ್ಟಿ ಹೋದ ಮೇಲೆ ಅವರು ಕೈಯಿಂದ ತಡವಿ ರಚಿಸಿದ ಬಿಲ್ಲೆಗಳ ಗೋಡೆ ಅದೇ ಆವರಣದಲ್ಲಿವೆ.